ತಿಕ್ಕಿ ತೊಳೆದ ಪಿಎಚ್‌.ಡಿ.

ನಾರಾಯಣಪುರದ ಹಳ್ಳದಲ್ಲಿ ನಾನು ಮುಳುಗಿಸಿಟ್ಟಿದ್ದ ಮಣ್ಣಿನ ಬಿಲ್ಲೆಗಳೆಲ್ಲ ದಂಡೆಯ ಮೇಲೆ ಬಿಸಿಲಿಗೆ ಒಣಗುತ್ತಿದ್ದವು, ಹೊಸ ತಟ್ಟೆಗಳಷ್ಟು ಸ್ವಚ್ಛವಾಗಿ. ತಿಂಗಳಿಡೀ ಅವುಗಳ ಮೇಲೆ ಬೆಳೆದಿದ್ದ ಲೋಳೆಯೇ ನನ್ನ ಪಿಎಚ್‌.ಡಿ. ಅದರೊಳಗಿನ ಸೂಕ್ಷ್ಮಜೀವಿಗಳನ್ನೇ ನಾನು ಅಧ್ಯಯನ ಮಾಡುತ್ತಿರುವುದು.

ಆಡು ಮೇಯಿಸುವ ಕಾಶಮ್ಮ ಬೂದಿಯ ಕೈ ಒರೆಸಿಕೊಳ್ಳುತ್ತ ಬಂದಳು. "ಎಷ್ಟು ಪಾಚಿ ಹಿಡದಿತ್ರಿ ಅಕ್ಕೋರೆ. ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋದ್ವು."

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದವಳು ನಾನು. ಬಿಡುತ್ತೇನೆಯೇ? ಆ ಲೋಳೆಯಲ್ಲಿ ಜೀವಗಳಿವೆ, ಹಳ್ಳದ ನೀರನ್ನು ಶುದ್ಧ ಮಾಡುವುದೇ ಅವು ಎಂದು ಪುರಾವೆ ಸಮೇತ ವಾದಿಸಿದೆ. ಕಾಶಮ್ಮ ಪೂರ್ತಿ ಕೇಳಿದಳು. "ಹೊಲಸು ಬೆಳಸಾಕ ಇಷ್ಟು ಓದಬೇಕೇನ್ರಿ? ನಮ್ಮ ಬಚ್ಚಲದಾಗ ಓದಲಾರದೇ ಬೆಳೀತದ."

ಹೊಸ ಬಿಲ್ಲೆಗಳನ್ನು ಮುಳುಗಿಸಿ ಹುಮನಾಬಾದಿಗೆ ಮರಳಿದೆ.

ಮುಂದಿನ ತಿಂಗಳು ಹೋದಾಗ, ಬಟ್ಟೆ ಒಗೆಯಲು ಬಂದಿದ್ದ ಹೆಂಗಸೊಬ್ಬಳು ಬಿಲ್ಲೆಯೊಂದನ್ನು ಎತ್ತಿ ಉಜ್ಜಲು ಹೊರಟಿದ್ದಳು. ದಂಡೆಯಿಂದ ಕಾಶಮ್ಮ ಗದರಿದಳು: "ಇಡು ಅದನ್ನ. ಅದು ಅಕ್ಕೋರ ಹೊಲಸು, ಅದರಾಗ ಜೀವ ಅದಾವ." ಎಲ್ಲಿವೆ ತೋರಿಸು ಎಂದು ಆಕೆ ಕೇಳಿದ್ದಕ್ಕೆ ಕಾಶಮ್ಮ ಆಡು ಕಾಯುವ ಕೋಲು ತೋರಿಸಿದಳು. ಬಿಲ್ಲೆ ಲೋಳೆಯ ಸಮೇತ ನೀರಿಗಿಳಿಯಿತು.

ಪುರಾವೆಯಿಲ್ಲದೆ ಗೆದ್ದ ವಾದವನ್ನು ನಾನು ಎಂದೂ ಒಪ್ಪಿದವಳಲ್ಲ. ಅವತ್ತು ಮಾತ್ರ ಆ ಕೋಲನ್ನೇ ಪುರಾವೆಯೆಂದು ಒಪ್ಪಿಕೊಂಡೆ.