ಬಾಗಿಲಿಗೆ ಮುಖ ಮಾಡಿದ ಆನೆ

ಆನೆಯ ಮುಖ ಬಲಕ್ಕಿತ್ತು. ಬಾಲದ ತುದಿ ಮೇಲಕ್ಕೆ ಸುರುಳಿಯಾಗಿತ್ತು. ತಲೆಯ ಮೇಲೆ ಉಗುರು ಒತ್ತಿದಂಥ ಒಂದು ಬಾಗು, ಅದು ಚಂದ್ರ. ಬೆನ್ನಿನ ಮೇಲೆ, ಎಡಕ್ಕೆ, ಸಾಸಿವೆಯಷ್ಟು ಉಬ್ಬು, ಅದು ಸೂರ್ಯ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ತಾಮ್ರದ ಕಾಸು. ಹಿಂಬದಿಯಲ್ಲಿ ಅಡ್ಡ ಗೆರೆ, ಉದ್ದ ಗೆರೆ, ಚೌಕಳಿ. ನಾನು ಅದನ್ನು ತಿರುಗಿಸಿ ನೋಡಿ, ಮತ್ತೆ ಮುಂದಕ್ಕೆ ತಿರುಗಿಸಿದೆ. ಆನೆ ಆಗಲೂ ಬಲಕ್ಕೇ ನೋಡುತ್ತಿತ್ತು.

ನನಗೆ ನೆನಪಿದ್ದ ಆನೆ ಎಡಕ್ಕೆ ನೋಡುತ್ತಿತ್ತು.

ಕಾಸು ದೊಡ್ಡಮ್ಮನದು. ಕೋರಮಂಡಲ್‌ನಲ್ಲಿ ಕೆಜಿಎಫ್ ಚಿನ್ನದ ಗಣಿಯ ಕಾಲದ ಸಾಲುಮನೆಯೊಂದರ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಅವರು ರವಿಕೆ ಹೊಲಿಯುತ್ತಾರೆ. ದೇವರ ಗೂಡಿನ ಕಳಶದೊಳಗೆ ಆ ಕಾಸು ಅವರ ಅತ್ತೆಯ ಕಾಲದಿಂದಲೂ ಇದೆ. ನಾವು ಮಕ್ಕಳಾಗಿದ್ದಾಗ ಅದನ್ನು ಮುಟ್ಟುವಂತಿರಲಿಲ್ಲ. ಈ ವರ್ಷ, ಒಂದು ಭಾನುವಾರ, ದೊಡ್ಡಮ್ಮನೇ ಅದನ್ನು ನೀರಿನಿಂದ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಅಂಗೈಗೆ ಹಾಕಿದರು.

"ತಗೋ, ನೋಡ್ಕೋ. ಕಾಸು ಕಾಸು ಅಂತ ಊರೆಲ್ಲ ಅಲೀತೀಯ. ಗೌರಿ ಅಬ್ಬ ಮುಗೀಲಿ, ಇದು ನಿಂಗೇ."

ಸಂತೋಷಪಡಬೇಕಿತ್ತು. ನಾನು ಅಂಚನ್ನು ಬೆಳಕಿಗೆ ಹಿಡಿದೆ.

ಹಳೆಯ ನಾಣ್ಯ ಕೂಡಿಸುವವರಿಗೆ ಮೊದಲು ಬರುವ ವಿದ್ಯೆ ಅನುಮಾನ. ಅಂಚಿನಲ್ಲಿ ಜೋಡಿಸಿದ ಗೆರೆ ಇದೆಯೇ, ಮೈಯಲ್ಲಿ ಎರಕದ ಗುಳ್ಳೆಗಳಿವೆಯೇ, ಹಸಿರು ಕಿಲುಬು ತಾನಾಗಿ ಬಂದದ್ದೇ ಅಥವಾ ಯಾರೋ ಬರಿಸಿದ್ದೇ. ಓದುವಾಗ ಒಮ್ಮೆ ಮೋಸ ಹೋದ ಮೇಲೆ ನಾನು ಯಾವ ನಾಣ್ಯವನ್ನೂ ಮೊದಲ ನೋಟಕ್ಕೆ ಒಪ್ಪುವುದಿಲ್ಲ. ಈ ಕಾಸಿನಲ್ಲಿ ಕಿಲುಬೇ ಇರಲಿಲ್ಲ. ಅದು ವಿಚಿತ್ರವೇನಲ್ಲ. ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರಕ್ಕೆ ವಯಸ್ಸು ನಿಲ್ಲುವುದಿಲ್ಲ. ಆದರೆ ಹೊಸದಾಗಿ ಮಾಡಿದ ಕಾಸೂ ಹಾಗೆಯೇ ಹೊಳೆಯುತ್ತದೆ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಒಂದು ಬಟ್ಟಲು ಇಡ್ಲಿ ಹಿಟ್ಟು ಹಿಡಿದು ಒಳಗೆ ಬಂದರು. ಬಾಗಿಲು ತಟ್ಟುವ ಪದ್ಧತಿ ಆ ಎರಡು ಮನೆಗಳ ನಡುವೆ ಇರಲಿಲ್ಲ. ಇವರ ಮನೆಯ ಬೀಗದಕೈ ಅವರಲ್ಲಿ, ಅವರ ಮನೆಯದು ಇಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ. ಹೋದ ತಿಂಗಳು ದೊಡ್ಡಮ್ಮನಿಗೆ ಕಣ್ಣಿನ ಪೊರೆ ತೆಗೆದಾಗ ಹೊತ್ತುಹೊತ್ತಿಗೆ ಹನಿ ಹಾಕಿದವರು ಅವರು. ಬಗ್ಗಬಾರದು, ಹೊಗೆಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಒಲೆ, ಪಾತ್ರೆ, ದೇವರ ಗೂಡು ಎಲ್ಲವೂ ಅವರ ಕೈಯಲ್ಲೇ ಇದ್ದವು.

"ಏನ್ ಕಣ್ಣು, ಆನೆಗೆ ಹಲ್ಲೆಷ್ಟು ಅಂತ ಎಣಿಸ್ತಾ ಇದ್ಯಾ?" ಎಂದರು ಅಕ್ಕ. ಅವರ ಮನೆಮಾತು ತಮಿಳು. ನನ್ನನ್ನು ಹುಟ್ಟಿದಾಗಿನಿಂದ ಕಣ್ಣು ಎಂದೇ ಕರೆಯುತ್ತಾರೆ.

"ಅವ್ಳು ಅಂಗೇ ಬಿಡು. ನಾಳೆ ಗಂಡು ತೋರ್ಸಿದ್ರೂ ಇಂದೆ ತಿರುಗ್ಸಿ ಅಚ್ಚು ನೋಡ್ತಾಳೆ," ಎಂದರು ದೊಡ್ಡಮ್ಮ.

ಅಕ್ಕ ನಕ್ಕರು. "ನೋಡ್ಲಿ, ನೋಡ್ಲಿ. ಕಾಸು ನಾನೇ ತೊಳೆದದ್ದಮ್ಮಾ. ನಿಮ್ಮ ದೊಡ್ಡಮ್ಮ ತೊಳೆಯೋದಕ್ಕಿಂತ ಪಳಪಳ ಅಂತಿದೆ, ಇಲ್ವಾ?"

ನಾನು ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿದರು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. "ಹೌದು, ಚೆನ್ನಾಗಿದೆ," ಎಂದು ಕಾಸನ್ನು ದೊಡ್ಡಮ್ಮನ ಕೈಗೆ ಕೊಟ್ಟೆ.

ಬಂಗಾರಪೇಟೆಗೆ ಮರಳುವ ರೈಲಿನಲ್ಲಿ ಕಿಟಕಿಯಾಚೆ ಗಣಿಯ ಕಸದ ಸೈನೈಡ್ ಗುಡ್ಡ ಹಿಂದೆ ಸರಿಯುತ್ತಿದ್ದಾಗ, ನೆನಪಿನ ಆನೆಯನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಗೌರಿ ಹಬ್ಬದ ಬೆಳಗ್ಗೆ ದೊಡ್ಡಮ್ಮ ಬಾಗಿಲ ಬಲಗಡೆಯ ನಿಲುವಿಗೆ ಅರಿಶಿನದ ಗಟ್ಟಿ ಮುದ್ದೆ ಮೆತ್ತಿ, ಅದರ ಮೇಲೆ ಕಾಸನ್ನು ಒತ್ತಿ ತೆಗೆಯುತ್ತಿದ್ದರು. ಅರಿಶಿನದಲ್ಲಿ ಆನೆ ಮೂಡುತ್ತಿತ್ತು. ಅದರ ಮುಖ ಬಾಗಿಲ ಕಡೆಗೆ. "ಆನೆ ಒಳಕ್ ಬರ್ಬೇಕು ಕಣೇ. ಬಾಗ್ಲಿಗೆ ಬಾಲ ತೋರಿದ್ರೆ ಮನೇಲಿ ಏನ್ ಉಳೀತೈತೆ?" ಎನ್ನುತ್ತಿದ್ದರು. ನಾನು ಹೊರಗೆ ಜಗಲಿಯ ಮೇಲೆ ನಿಂತು ನೋಡುತ್ತಿದ್ದೆ. ಬಲಗಡೆಯ ನಿಲುವು, ಬಾಗಿಲಿಗೆ ಮುಖ. ಎಂದರೆ ಆನೆ ಎಡಕ್ಕೆ ನೋಡುತ್ತಿತ್ತು. ಚಂದ್ರ ಎಡಕ್ಕೆ, ಸೂರ್ಯ ಬಲಕ್ಕೆ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಣ್ಣು ಮಂಜಾದ ಮೇಲೆ ದೊಡ್ಡಮ್ಮ ಅಚ್ಚೊತ್ತುವುದನ್ನು ಬಿಟ್ಟಿದ್ದರು. ಹಾಗಾಗಿ ಆನೆಯನ್ನು ಸರಿಯಾಗಿ ನೋಡಿದವಳು ಬಹುಶಃ ನಾನೊಬ್ಬಳೇ ಎಂದುಕೊಂಡೆ.

ಮುಖ ಯಾವ ಕಡೆಗೆ ಎನ್ನುವುದು ಸಣ್ಣ ಮಾತಲ್ಲ. ಈ ಸೀಮೆಯ ಕಾಸುಗಳಲ್ಲಿ ಆನೆ ಬಹಳ ಹಳೆಯದು. ಕೋಲಾರವನ್ನಾಳಿದ ಗಂಗರ ಲಾಂಛನ ಆನೆ. ಅವರದೆಂದು ಹೇಳುವ ಚಿನ್ನದ ನಾಣ್ಯಗಳಲ್ಲೂ ಅದೇ ನಿಂತಿದೆ. ಎಷ್ಟೋ ಕಾಲದ ನಂತರ ಮೈಸೂರು ಅರಸರ ತಾಮ್ರದ ಕಾಸಿಗೆ ಆನೆ ಬಂತು, ತಲೆಯ ಮೇಲೆ ಸೂರ್ಯಚಂದ್ರರು, ಹಿಂದೆ ಚೌಕಳಿ. ಆಮೇಲೆ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅದು ಮೈ ತುಂಬಿಕೊಂಡು ಬಾಲ ಎತ್ತಿತು, ಬೆನ್ನ ಹಿಂದೆ ಪಾರಸಿ ಅಕ್ಷರಗಳನ್ನು ಹೊತ್ತಿತು. ಅರಸರು ಮತ್ತೆ ಬಂದಾಗ ಆನೆಯೂ ಉಳಿಯಿತು, ತಲೆಯ ಮೇಲೆ ಸೂರ್ಯಚಂದ್ರರೂ ಮರಳಿದರು. ಸೂರ್ಯಚಂದ್ರರಿರುವ ತನಕ ಈ ಆಳ್ವಿಕೆ ಇರಲಿ ಎಂದು ಕಲ್ಲಿನ ಶಾಸನಗಳಲ್ಲಿ ಕೆತ್ತುತ್ತಿದ್ದ ಮಾತೇ ಉಗುರಿನಗಲದ ತಾಮ್ರಕ್ಕೆ ಇಳಿದಿತ್ತು. ಯಾರು ಆಳಿದರೂ ಆನೆ ಅವರದಾಗುತ್ತಿತ್ತು. ಆದ್ದರಿಂದ ಆನೆಯನ್ನು ನಂಬುವಂತಿಲ್ಲ. ಬಾಲ, ಸೊಂಡಿಲು, ಮುಖದ ದಿಕ್ಕು ಇವನ್ನೇ ಕೇಳಬೇಕು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ನಾನು ಹೀಗೆಯೇ ಹೇಳುತ್ತೇನೆ. ಅಚ್ಚು ಕೊರೆಯುವವನು ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು, ಆಗಲೇ ನಾಣ್ಯದಲ್ಲಿ ನೇರವಾಗಿ ಬೀಳುತ್ತದೆ ಎಂದು ಸೋಪಿನ ಬಿಲ್ಲೆಯಲ್ಲಿ ಕೆತ್ತಿ ತೋರಿಸುತ್ತೇನೆ.

ಆ ವಾರ ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ, ನಾನು ಆಗಾಗ ಹೋಗುವ ಹಳೇ ಪಾತ್ರೆ ಅಂಗಡಿಗೆ ಹೋದೆ. ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ತೂಕಕ್ಕೆ ಕೊಳ್ಳುವ ಅಂಗಡಿ. ಚೊಂಬಿನ ತಳದಲ್ಲಿ ಸಿಕ್ಕ ಕಾಸುಗಳನ್ನು ಅಂಗಡಿಯವರು ಒಂದು ಟೀ ತಟ್ಟೆಗೆ ಹಾಕಿಟ್ಟಿರುತ್ತಾರೆ.

"ಬನ್ನಿ ಮೇಡಂ. ಇವತ್ತಾದ್ರೂ ಏನಾದ್ರೂ ತಗೊಳ್ತೀರೋ, ಬರೀ ಬೈದು ಓಗ್ತೀರೋ?"

ತಟ್ಟೆಯಲ್ಲಿ ಬೆರಳಾಡಿಸಿದೆ. ಮೂರು ನಕಲಿ, ಒಂದು ಸವೆದ ಕಾಸು. ಅದರ ಕೆಳಗೆ ಒಂದು ಆನೆ, ಮುಖ ಎಡಕ್ಕೆ. ತಲೆಯ ಮೇಲೆ ಚಂದ್ರ, ಬೆನ್ನಿನ ಮೇಲೆ ಸೂರ್ಯ. ಹಿಂದೆ ಚೌಕಳಿ. ಹುಣಸೆಹಣ್ಣಿನಲ್ಲಿ ತಿಕ್ಕಿದ ಹೊಳಪು.

"ಇದು ಎಲ್ಲಿಂದ ಬಂತು?"

"ಕೆಜಿಎಫ್ ಕಡೆಯಿಂದ."

"ಯಾರು ತಂದರು?"

"ಯಾರೋ ಒಬ್ಬ ಎಂಗಸು. ತಮಿಳಲ್ಲಿ ಮಾತಾಡ್ತಿತ್ತು." ನನ್ನ ಮುಖ ನೋಡಿ ಅವರು ನಕ್ಕರು. "ಯಾಕ್ ಮೇಡಂ, ಪೊಲೀಸ್ನೋರ ತರ ಕೇಳ್ತೀರ? ಕೆಜಿಎಫ್‌ನಲ್ಲಿ ಕಾಗೇನೂ ತಮಿಳು ಮಾತಾಡ್ತೈತೆ."

ಅದು ನಿಜ. ಆ ನಿಜ ನನಗೆ ಆಗ ಬೇಕಿರಲಿಲ್ಲ. ಅಂಗಡಿಯಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ. ಎತ್ತಿಟ್ಟಿರಿ, ಮತ್ತೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಮನೆ ಸೇರುವಷ್ಟರಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತ್ತು. ಬೀಗದಕೈ ಪಕ್ಕದ ಮನೆಯ ಅಕ್ಕನಲ್ಲಿತ್ತು. ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಕಾಸನ್ನು ತೊಳೆದದ್ದು ತಾನೇ ಎಂದು ಆಕೆಯೇ ಹೇಳಿದ್ದರು.

ಮುಂದಿನ ಭಾನುವಾರ ಮತ್ತೆ ಕೋರಮಂಡಲ್‌ಗೆ ಹೋದೆ. ಹೇಳಬೇಕೋ ಬೇಡವೋ ಎಂದು ರೈಲಿನಲ್ಲಿ ಯೋಚಿಸಿದ್ದು ನಿಜ. ದೊಡ್ಡಮ್ಮನಿಗೆ ಗೋಡೆಯಾಚೆಯ ಆ ಮನೆ ಏನು ಎಂಬುದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಹೆಸರೆತ್ತದೆ, ಕಂಡದ್ದನ್ನಷ್ಟೇ ಹೇಳಿದೆ. ಇದು ಆ ಕಾಸಲ್ಲ, ಆ ಕಾಸಿನಂಥದ್ದು ಬಂಗಾರಪೇಟೆಯಲ್ಲಿದೆ. ಹೆಸರೆತ್ತದಿದ್ದುದು ನನ್ನ ಸಭ್ಯತೆ ಎಂದು ಭಾವಿಸಿದ್ದೆ.

ದೊಡ್ಡಮ್ಮ ಮಿಷನ್ ನಿಲ್ಲಿಸಿದರು. ಕಾಸನ್ನು ಹೆಬ್ಬೆರಳಿನಲ್ಲಿ ಸವರಿದರು. "ನಂಗೆ ಇದೇ ಅನ್ನಿಸ್ತೈತೆ ಕಣೇ."

"ನೀವು ಅದನ್ನು ಯಾವತ್ತಾದರೂ ಇಷ್ಟು ಹತ್ತಿರದಿಂದ ನೋಡಿದ್ದೀರಾ ದೊಡ್ಡಮ್ಮ?"

"ದೇವ್ರ ಕಾಸು, ಅದನ್ನೇನ್ ನೋಡೋದು? ತೊಳ್ದು ಇಡ್ತಿದ್ದೆ." ಕಾಸನ್ನು ಮೇಜಿನ ಮೇಲಿಟ್ಟರು. "ನೀನು ಓದ್ದೋಳು. ನೀನ್ ಏಳಿದ್ಮೇಲೆ ಇರ್ತೈತೆ."

ನಾನು ಏನಾದರೂ ಹೇಳುವ ಮೊದಲೇ ಎದ್ದು, ಹಿತ್ತಲ ಗಿಡ್ಡ ಗೋಡೆಯ ಬಳಿ ಹೋಗಿ ಕರೆದರು. "ಅಕ್ಕಾ, ನಮ್ಮನೆ ಬೀಗದಕೈ ವಸಿ ಕೊಡು."

"ಯಾಕೆ, ನಿಂದು ಕಳೆದೋಯ್ತಾ? ಕಣ್ಣು ಬಂದ್ಮೇಲೇನಾ ಎಲ್ಲಾ ಕಳ್ಕೊಳ್ಳೋದು ನೀನು?" ಅಕ್ಕ ನಗುತ್ತಲೇ ಒಳಗೆ ಬಂದರು.

"ಕಳ್ದಿಲ್ಲ. ಇಲ್ಲೇ ಇರ್ಲಿ ಅಂತ."

ಅಕ್ಕ ದೊಡ್ಡಮ್ಮನನ್ನು ನೋಡಿದರು. ಮೇಜಿನ ಮೇಲಿದ್ದ ಕಾಸನ್ನು ನೋಡಿದರು. ಆಮೇಲೆ ನನ್ನನ್ನು. ಸೊಂಟದಿಂದ ಬೀಗದಕೈ ತೆಗೆದು, ಸೆರಗಿನಲ್ಲಿ ಒರೆಸಿ, ಮಿಷನ್ನಿನ ಮೇಲೆ ಇಟ್ಟರು. ಕ್ಯಾಲೆಂಡರಿನ ಪಕ್ಕದ ಮೊಳೆಯಿಂದ ತಮ್ಮ ಮನೆಯದನ್ನು ಬಿಚ್ಚಿಕೊಂಡರು.

"ಸರಿಮಾ. ಹಾಗಾದ್ರೆ ನಮ್ಮದೂ ನಮ್ಮಲ್ಲೇ ಇರ್ಲಿ."

ಅವರು ಹೋದ ಮೇಲೆ ದೊಡ್ಡಮ್ಮ ಮತ್ತೆ ಹೊಲಿಯಲು ಕುಳಿತರು. ದಾರ ಎರಡು ಸಲ ತುಂಡಾಯಿತು. ಕಾಸನ್ನು ಮನೆಗೊಯ್ದು ಇನ್ನೊಮ್ಮೆ ಪರೀಕ್ಷಿಸುತ್ತೇನೆ ಎಂದೆ. "ತಗೊಂಡೋಗು, ಇಲ್ಲಿ ಬ್ಯಾಡ," ಎಂದರು, ತಲೆ ಎತ್ತದೆ.

ಸಂಜೆ ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲಿ ಅಮ್ಮ ಚಪಾತಿಗೆ ಹಿಟ್ಟು ನಾದುತ್ತಿದ್ದರು. ಅಂಗಡಿಯ ಕಾಸಿನ ಪಕ್ಕಕ್ಕಿಟ್ಟು ಹೋಲಿಸಲು ಈ ಕಾಸಿನ ಅಚ್ಚೊಂದು ಬೇಕಿತ್ತು. ಒಂದು ಉಂಡೆ ಹಿಟ್ಟು ಕೇಳಿದೆ.

"ನಿನ್ನ ತುಕ್ಕು ತಾಮ್ರನೆಲ್ಲ ನನ್ ಹಿಟ್ಟಿಗೆ ಒತ್ತಬೇಡ," ಎಂದು ಅಮ್ಮ ಬೈಯುತ್ತಲೇ ಕೊಟ್ಟರು.

ಕಾಸನ್ನು ಒತ್ತಿ, ಅಂಚು ಕೆಡದಂತೆ ನಿಧಾನವಾಗಿ ಎತ್ತಿದೆ.

ಹಿಟ್ಟಿನಲ್ಲಿ ಆನೆ ಎಡಕ್ಕೆ ನೋಡುತ್ತಿತ್ತು. ಚಂದ್ರ ಎಡಕ್ಕೆ, ಸೂರ್ಯ ಬಲಕ್ಕೆ.

ಈ ವರ್ಷದ ಆ ಭಾನುವಾರದ ತನಕ ನಾನು ಎಂದೂ ಕಾಸನ್ನು ನೋಡಿರಲಿಲ್ಲ. ನೋಡಿದ್ದೆಲ್ಲ ಬಾಗಿಲ ನಿಲುವಿನ ಅರಿಶಿನದ ಆನೆ, ಒತ್ತಿದಾಗ ತಿರುಗಿ ಬಿದ್ದ ಆನೆ. ದೊಡ್ಡಮ್ಮನ ಕಾಸಿನಲ್ಲಿ ಆನೆ ಎಡಕ್ಕೆ ನೋಡುತ್ತಿದ್ದರೆ ಅರಿಶಿನದಲ್ಲಿ ಅದು ಬಾಗಿಲಿಗೆ ಬಾಲ ತೋರಿಸುತ್ತಿತ್ತು. ಬಲಕ್ಕೆ ನೋಡುವ ಕಾಸಿನ ಆನೆ ಮಾತ್ರ ಆ ನಿಲುವಿನಲ್ಲಿ ಮನೆಯೊಳಗೆ ಬರಲು ಸಾಧ್ಯ. ಅಂಗಡಿಯ ತಟ್ಟೆಯಲ್ಲಿದ್ದದ್ದು ಬೇರೆ ಯಾವುದೋ ಮನೆಯ ಕಾಸು. ಅಂಥವನ್ನು ಟಂಕಸಾಲೆಯಲ್ಲಿ ರಾಶಿ ರಾಶಿ ಒತ್ತಿದ್ದರು.

"ಏನಾಯ್ತೇ?" ಎಂದರು ಅಮ್ಮ. ಏನಿಲ್ಲ ಎಂದು ಉಂಡೆಯನ್ನು ಕೈಯಲ್ಲಿ ಹಿಸುಕಿದೆ. ಆಮೇಲೆ, ಹಿಸುಕಿದ್ದು ಸರಿಯಲ್ಲ ಎನ್ನಿಸಿತು. ಇನ್ನೊಂದು ಉಂಡೆ ಕೇಳಿ, ಮತ್ತೆ ಒತ್ತಿ, ಅಮ್ಮನಿಗೆ ತೋರಿಸಿ ಎಲ್ಲವನ್ನೂ ಹೇಳಿದೆ. ಅಮ್ಮ ಹಿಟ್ಟನ್ನು ನೋಡಲಿಲ್ಲ. "ಬೀಗದಕೈ ಇಸ್ಕೊಂಡ್ರಾ?" ಎಂದಷ್ಟೇ ಕೇಳಿದರು.

ಮಾರನೆಯ ಬೆಳಗ್ಗೆ ಮಾರಿಕುಪ್ಪಂ ರೈಲು ಹಿಡಿದು ಕೋರಮಂಡಲ್‌ಗೆ ಹೋದೆ. ದೊಡ್ಡಮ್ಮ ಬಾಗಿಲು ತೆರೆದಾಗ ಒಳಗೆ ಹೋಗಲಿಲ್ಲ. ಅರಿಶಿನ ಕಲಸಿ ತರಲು ಹೇಳಿ, ಬಲಗಡೆಯ ನಿಲುವಿಗೆ ಮೆತ್ತಿ, ಕಾಸನ್ನು ಒತ್ತಿ ತೆಗೆದೆ. ಆನೆ ಬಾಗಿಲ ಕಡೆಗೆ ತಿರುಗಿ ನಿಂತಿತು. ಕಾಸನ್ನು ಅದರ ಪಕ್ಕದಲ್ಲಿ ಹಿಡಿದು, ತಪ್ಪು ನನ್ನದು, ಇದೇ ಆ ಕಾಸು ಎಂದೆ. ದೊಡ್ಡಮ್ಮ ಹೊಸ ಕಣ್ಣಿನಿಂದ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. "ಅಯ್ಯೋ," ಎಂದರು, "ನಾನ್ಯಾಕೆ ನಿನ್ ಮಾತು ಕೇಳ್ದೆ?"

ಬೀಗದಕೈ ಇಸಿದುಕೊಂಡು ಪಕ್ಕದ ಮನೆಗೆ ಹೋದೆ. ಅಕ್ಕ ಬಾಗಿಲ ಮುಂದೆ ನೀರು ಹಾಕಿ ಕೋಲಂ ರಂಗೋಲಿ ಬಿಡುತ್ತಿದ್ದರು. ಅನುಮಾನಪಟ್ಟವಳು ನಾನು, ದೊಡ್ಡಮ್ಮನಲ್ಲ, ಎಂದು ಹೇಳಿ ಬೀಗದಕೈಯನ್ನು ಅವರತ್ತ ಚಾಚಿದೆ. ಅವರು ಚುಕ್ಕಿ ಇಡುವುದನ್ನು ನಿಲ್ಲಿಸಲಿಲ್ಲ.

"ನೀನು ಅನುಮಾನಪಡ್ತೀಯ ಅಂತ ನಂಗೆ ಮೊದಲೇ ಗೊತ್ತು. ನಿನ್ ಸ್ವಭಾವ ಅದು. ಅವಳು ಬೀಗದಕೈ ವಾಪಸ್ ಕೇಳಿದ್ಲಲ್ಲ, ಚುಚ್ಚಿದ್ದು ಅದು. ಇಸ್ಕೊಂಡವಳು ತಂದು ಕೊಡ್ಲಿ."

ವಾಪಸು ಬಂದು ಆ ಮಾತನ್ನು ಹಾಗೆಯೇ ಹೇಳಿದೆ. ದೊಡ್ಡಮ್ಮ ಕೂದಲು ಗಂಟು ಹಾಕಿಕೊಂಡರು, ಅರಿಶಿನದ ಕೈಯನ್ನು ಒರೆಸಲಿಲ್ಲ, ಬೀಗದಕೈ ಹಿಡಿದು ಮೆಟ್ಟಿಲಿಳಿದರು. ನಾನು ಹಿಂದೆ ಹೋಗಲಿಲ್ಲ. ಕಾಸು ನನ್ನ ಅಂಗೈಯಲ್ಲೇ ಇತ್ತು. ಅದನ್ನು ಕಳಶದ ನೀರಿಗೆ ಬಿಟ್ಟು, ಕೈ ತೊಳೆದು, ಖಾಲಿ ಮೊಳೆಯ ಎದುರಿಗೆ ಕುಳಿತು ಕಾದೆ. ಕಾಲೇಜಿನ ಮೊದಲ ಪಾಠ ತಪ್ಪಿತು.