ಕೆಡದ ಫಿಲ್ಟರಿಗೆ ಕೊಟ್ಟ ಪತ್ರ

ನಮ್ಮ ಚಿಕ್ಕಮ್ಮ ವಿಶ್ವವಿದ್ಯಾಲಯದ ಮೈಕ್ರೋಸ್ಕೋಪ್ ಕೇಂದ್ರವನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಮೂರು ಕೋಣೆ, ಐದು ಮೈಕ್ರೋಸ್ಕೋಪ್. ಮೆದುಳಿನ ಮೇಲೆ ಸಂಶೋಧನೆ ಮಾಡುವ ಒಂಬತ್ತು ಪ್ರಯೋಗಾಲಯದವರು ಸರದಿಯ ಮೇಲೆ ಬಂದು ಅವನ್ನು ಬಳಸುತ್ತಾರೆ. ಯಾರ ಸ್ವಂತದ್ದೂ ಅಲ್ಲವಾದ್ದರಿಂದ ಯಾರೂ ಒರೆಸುವುದಿಲ್ಲ. ಲೆನ್ಸಿಗೆ ಎಣ್ಣೆ ಹಾಕಿ ನೋಡಿದವರು ಹಾಗೇ ಎದ್ದು ಹೋಗುತ್ತಾರೆ. ಚಿಕ್ಕಮ್ಮ ಅವರನ್ನು ಬಾಗಿಲಲ್ಲೇ ತಡೆದು, ಮನೆಯಲ್ಲಿ ಉಂಡ ತಟ್ಟೆಯನ್ನೂ ಹೀಗೇ ಬಿಡುತ್ತೀರಾ ಎಂದು ಕೇಳುತ್ತಾಳೆ. ಎದುರಿಗೆ ಅವಳು ಮೇಡಂ, ಬೆನ್ನ ಹಿಂದೆ ಎಣ್ಣೆಯಕ್ಕ.

ಅವಳ ಕೆಲಸ ಕಾಯಂ ಆಗಿರಲಿಲ್ಲ. ಇನ್ನೊಂದು ವರ್ಷ ಇರಲಿ ಎಂದು ಸಮಿತಿಯವರು ಪ್ರತಿ ವರ್ಷ ಬರೆಯಬೇಕಿತ್ತು. ಐವತ್ತು ತುಂಬುವುದರೊಳಗೆ ಕಾಯಂ ಆಗದಿದ್ದರೆ ಮತ್ತೆ ಆಗುವುದೇ ಇಲ್ಲ. ಈ ಪತ್ರದ ಪ್ರಸಂಗ ಬಂದಾಗ ಅವಳಿಗೆ ನಲವತ್ತೊಂಬತ್ತು. ಸಮಿತಿಯ ಅಧ್ಯಕ್ಷರು ಅಲ್ಲಿಯ ಒಬ್ಬ ಹಿರಿಯ ಪ್ರೊಫೆಸರ್.

ಮುಂದಿನದು ಅವಳು ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮನಿಗೆ ಹೇಳಿದ್ದು. ನಾನು ಪಕ್ಕದಲ್ಲೇ ಕೂತು ಕೇಳಿದ್ದೇನೆ. ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿಯೇ ಬರೆದಿದ್ದೇನೆ.

ಮೆದುಳಿನ ತೆಳುವಾದ ಹೋಳಿಗೆ ಹಸಿರು, ಕೆಂಪು ಎಂದು ಎರಡು ಬಣ್ಣ ಹಚ್ಚುತ್ತಾರೆ. ಹಸಿರಿನ ಬೆಳಕು ಕೆಂಪಿನ ಪಾಲಿಗೂ ಸ್ವಲ್ಪ ಸೋರುತ್ತದೆ, ಗೋಡೆಯಾಚೆಯ ಮಾತು ಈಚೆಗೆ ಕೇಳಿಸುವ ಹಾಗೆ. ಅದಕ್ಕೆ ಒಂದಾದ ಮೇಲೆ ಒಂದು ಬಣ್ಣದ ಚಿತ್ರ ತೆಗೆಯಬೇಕು. ಹೊತ್ತು ಉಳಿಸಲು ಎರಡನ್ನೂ ಒಟ್ಟಿಗೆ ತೆಗೆದರೆ, ಬರೀ ಹಸಿರಿದ್ದ ಚುಕ್ಕೆಯಲ್ಲೂ ಎರಡು ಬಣ್ಣ ಕಾಣುತ್ತದೆ. ಆ ಪ್ರೊಫೆಸರರ ಶಿಷ್ಯನೊಬ್ಬ ಒಂದು ಮೈಕ್ರೋಸ್ಕೋಪಿನಲ್ಲಿ ಎರಡು ತಿಂಗಳು ಒಟ್ಟಿಗೇ ತೆಗೆದ. ಚಿಕ್ಕಮ್ಮ ಅವನಿಗೆ ಹೇಳಿದಳು, ಅವನು ಕೇಳಲಿಲ್ಲ. ಮೇಲೆ ಹೋಗಿ ಪ್ರೊಫೆಸರಿಗೇ ಹೇಳಿದಳು.

"ಮೇಡಂ, ಯಂತ್ರ ನೀವು ನೋಡ್ಕೊಳ್ಳಿ, ಮೆದುಳು ನಾವು ನೋಡ್ಕೋತೀವಿ" ಅಂದರು ಅವರು.

ಎರಡು ಬಣ್ಣ ಒಂದೇ ಕಡೆ ಕಂಡದ್ದೇ ದೊಡ್ಡ ಶೋಧ ಎಂದು ಪ್ರಬಂಧ ಅಚ್ಚಾಯಿತು. ವರ್ಷ ಕಳೆಯುವುದರೊಳಗೆ ಬೇರೆಯವರು ಅದನ್ನೇ ಮಾಡಿ ನೋಡಿದರೆ ಅಂಥ ಚುಕ್ಕೆಗಳೇ ಇಲ್ಲ. ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯವರು ವಿವರಣೆ ಕೇಳಿದರು. ಆಗ ಪ್ರೊಫೆಸರ್ ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದು ಸ್ಟೂಲಿನ ಮೇಲೆ ಕೂತರು. ಮೊದಲು ಕಾಯಂ ವಿಷಯ ಎತ್ತಿದರು, ಆಮೇಲೆ ಜೇಬಿನಿಂದ ಒಂದು ಪತ್ರ ತೆಗೆದರು. ಆ ಎರಡು ತಿಂಗಳು ಆ ಮೈಕ್ರೋಸ್ಕೋಪಿನಲ್ಲಿ ಬಣ್ಣಗಳನ್ನು ಬೇರ್ಪಡಿಸುವ ಫಿಲ್ಟರ್ ಕೆಟ್ಟಿತ್ತು ಎಂದು ಟೈಪಾಗಿತ್ತು. ಚಿಕ್ಕಮ್ಮ ಸಹಿ ಹಾಕುವುದಷ್ಟೇ ಬಾಕಿ.

ಆ ಸಂಜೆ ಪತ್ರವನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಅಮ್ಮ ಓದಿಸಿ ಕೇಳಿದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಕುಣಿದೋನು ಅವನು. ನಿನ್ನ ನೆಲ ಡೊಂಕು ಅಂತ ನೀನ್ಯಾಕೆ ಒಪ್ಕೋತೀಯ?"

"ಯಂತ್ರಕ್ಕೇನು ಮಾನ ಹೋಗುತ್ತಾ ಅಕ್ಕ?" ಅಂದಳು ಚಿಕ್ಕಮ್ಮ. "ಹನ್ನೊಂದು ವರ್ಷ ಆಯ್ತು."

ಮರುದಿನ ಸಹಿ ಹಾಕಿದಳು. ಇದು ಎಲ್ಲರ ಯಂತ್ರ, ಎಲ್ಲರ ಯಂತ್ರ ಎಂದು ದಿನಾ ಹೇಳುತ್ತಿದ್ದವಳು ಅದನ್ನು ಆ ಒಂದು ದಿನ ಮರೆತಳು.

ಮೂರು ವಾರಕ್ಕೆ ಕಾಯಂ ಆದೇಶ ಬಂತು. ಅದೇ ವಾರ ಒಂಬತ್ತು ಪ್ರಯೋಗಾಲಯಕ್ಕೂ ಸುತ್ತೋಲೆ ಹೋಯಿತು. ಆ ಎರಡು ತಿಂಗಳು ಆ ಮೈಕ್ರೋಸ್ಕೋಪಿನಲ್ಲಿ ತೆಗೆದ ಯಾವ ಚಿತ್ರವನ್ನೂ ಯಾರೂ ಬಳಸಕೂಡದು.

ಬೇರೊಂದು ಪ್ರಯೋಗಾಲಯದ ಹುಡುಗಿಯೊಬ್ಬಳು ಕೆಳಗೆ ಬಂದಳು. ಪಿಎಚ್‌ಡಿಯ ಕೊನೆಯ ವರ್ಷ. ಮುದಿ ಇಲಿಗಳ ಮೆದುಳು ಅವಳ ವಿಷಯ. ಎರಡು ವರ್ಷ ಸಾಕಿದ ಇಲಿಗಳ ಚಿತ್ರವನ್ನೆಲ್ಲ ಆ ಎರಡು ತಿಂಗಳಲ್ಲೇ ತೆಗೆದಿದ್ದಳು, ಚಿಕ್ಕಮ್ಮ ಕಲಿಸಿದಂತೆ ಒಂದಾದ ಮೇಲೆ ಒಂದು ಬಣ್ಣ.

"ಮೇಡಂ, ಫಿಲ್ಟರ್ ನಿಜವಾಗ್ಲೂ ಕೆಟ್ಟಿತ್ತಾ?"

ಚಿಕ್ಕಮ್ಮ ಎದ್ದು ಬಾಗಿಲು ಹಾಕಿ ಬಂದಳು. "ಇಲ್ಲಮ್ಮ. ನಿನ್ನ ಚಿತ್ರ ಎಲ್ಲಾ ಸರಿಯಾಗಿದೆ."

"ಹಾಗಾದ್ರೆ ಅಷ್ಟನ್ನೇ ಬರೆದುಕೊಡಿ."

ಚಿಕ್ಕಮ್ಮ ಪೆನ್ನು ಮುಟ್ಟಲಿಲ್ಲ. ಬರೆದರೆ ಮೊದಲಿನ ಪತ್ರ ಸುಳ್ಳಾಗುತ್ತದೆ, ಕೆಲಸ ಹೋಗುತ್ತದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ. ಎಮ್ಮೆ ನಾನು ಅಂತ ಗೊತ್ತಿರ್ಲಿಲ್ಲ" ಎಂದು ಹೇಳಿ ಹುಡುಗಿ ಮೆಟ್ಟಿಲು ಹತ್ತಿದಳು.

ಈಗ ಅವಳು ಹೊಸ ಇಲಿಗಳನ್ನು ಸಾಕುತ್ತಿದ್ದಾಳೆ. ಅವು ಮುದಿಯಾಗಲು ಮತ್ತೆ ಎರಡು ವರ್ಷ ಬೇಕು. ಅಲ್ಲಿಯವರೆಗೆ ಅವಳಿಗೆ ವಿದ್ಯಾರ್ಥಿವೇತನ ಇರುವುದಿಲ್ಲ. ಸರದಿಯಲ್ಲಿ ನಿನಗೆ ಹೆಚ್ಚು ಹೊತ್ತು ಕೊಡುತ್ತೇನೆ ಎಂದು ಚಿಕ್ಕಮ್ಮ ಹೇಳಿ ನೋಡಿದಳು. ಎಲ್ಲರಿಗೆ ಎಷ್ಟೋ ತನಗೂ ಅಷ್ಟೇ ಸಾಕು ಎಂದಳಂತೆ. ಅವಳ ಸರದಿ ಬಂದಾಗ ಚಿಕ್ಕಮ್ಮ ಬಾಗಿಲು ತೆರೆದು ಕೊಟ್ಟು, ಪಕ್ಕದ ಕೋಣೆಗೆ ಹೋಗಿ ಕೂರುತ್ತಾಳೆ.