ಚರ್ಮದ ಕೋಟಿನವನ ಕ್ಯಾಸೆಟ್ಟಿನಲ್ಲಿ ನಿಂಗತ್ತೆ

ನಮ್ಮ ಚಿತ್ರದುರ್ಗದ ಮನೆಯ ಷೋಕೇಸಿನಲ್ಲಿ, ಸ್ಟೀಲಿನ ಲೋಟಗಳಿಗೂ ಮಕ್ಕಳ ಬಹುಮಾನದ ಬಟ್ಟಲುಗಳಿಗೂ ನಡುವೆ, ಒಂದು ಕ್ಯಾಸೆಟ್ಟಿದೆ. ಮೊನ್ನೆ ಮೊನ್ನೆಯವರೆಗೆ ಅದರ ಹೊದಿಕೆಯ ಮೇಲೆ ಹೆಗಲವರೆಗೆ ಕೂದಲು ಬಿಟ್ಟ, ಚರ್ಮದ ಕೋಟು ತೊಟ್ಟ, ಒಂದು ಕಿವಿಗೆ ಮಾತ್ರ ಓಲೆ ಹಾಕಿದ ತರುಣನೊಬ್ಬ ಗಿಟಾರನ್ನು ಎಮ್ಮೆಯ ಕೊರಳಹಗ್ಗದಂತೆ ಎಳೆದು ಹಿಡಿದು ನಿಂತಿದ್ದ. ಹಾಕಿ ಕೇಳಿದರೆ ಮೊದಲು ಅವನ ಗಿಟಾರು ಝಣ್ ಎನ್ನುತ್ತದೆ, ಅವನು ಬಾಯಿ ತೆರೆಯುವಷ್ಟರಲ್ಲಿ ಟಕ್ ಎಂದೊಂದು ಸದ್ದಾಗುತ್ತದೆ, ಆಮೇಲೆ ನಮ್ಮ ನಿಂಗತ್ತೆ ಮದುಮಗಳನ್ನು ಹಸೆಗೆ ಕರೆಯುವ ಸೋಬಾನೆ ಹಾಡು ಶುರುವಾಗುತ್ತದೆ. ಗೊತ್ತಿಲ್ಲದವರು ಕೇಳಿದರೆ ಕೋಟಿನ ಹುಡುಗನೇ ಹೆಣ್ಣುದನಿಯಲ್ಲಿ ಹಾಡುತ್ತಿದ್ದಾನೆಂದು ಗಾಬರಿಯಾಗಬೇಕು, ಹಾಗಿತ್ತು ಆ ಜೋಡಿ.

ಇದೇನು ತಮಾಷೆ ಎಂದು ನೀವು ಕೇಳುತ್ತೀರಿ, ಹೇಳುತ್ತೇನೆ. ಆ ಹುಡುಗ ಒಂದು ಕಾಲದಲ್ಲಿ ಪಾಪ್ ಗಾಯಕ. ನಾನು ದುರ್ಗದ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಸಂತೆಪೇಟೆಯ ಕ್ಯಾಸೆಟ್ ಅಂಗಡಿಗಳಿಂದ ಹಿಡಿದು ಬಸ್ಟ್ಯಾಂಡಿನ ಕ್ಷೌರದಂಗಡಿಯವರೆಗೆ ಎಲ್ಲಿ ನೋಡಿದರೂ ಅವನದೇ ಮುಖ. ಹಾಸ್ಟೆಲಿನಲ್ಲಿ ನನ್ನ ಟ್ರಂಕಿನ ಮುಚ್ಚಳದ ಒಳಗಡೆಯೂ ಅವನಿದ್ದ. ಬಟ್ಟೆ ತೆಗೆಯಲು ಮುಚ್ಚಳ ಎತ್ತಿದಾಗಲೆಲ್ಲ ಅವನು ನನ್ನನ್ನೇ ಕಾಯುತ್ತಿದ್ದವನಂತೆ ಕಾಣುತ್ತಿದ್ದ, ನಾನೂ ಅಗತ್ಯಕ್ಕಿಂತ ಹೆಚ್ಚು ಸಲ ಬಟ್ಟೆ ತೆಗೆಯುತ್ತಿದ್ದೆ. ಮುಂದಿನ ವರ್ಷ ಅಂಗಡಿಯ ಗೋಡೆಗೆ ಬೇರೊಬ್ಬ ಬಂದ, ಅವನದು ಗಿಡ್ಡ ಕೂದಲು, ಕಪ್ಪು ಕನ್ನಡಕ. ಕೋಟಿನವನು ಎಲ್ಲಿ ಹೋದನೆಂದು ಯಾರೂ ಕೇಳಲಿಲ್ಲ. ಆ ಕೂದಲು ಈಗ ಎಷ್ಟು ಉಳಿದಿದೆಯೋ, ಆ ಓಲೆಯ ತೂತು ಮುಚ್ಚಿಕೊಂಡಿದೆಯೋ, ಎಲ್ಲಾದರೂ ಮೊಮ್ಮಕ್ಕಳ ಶಾಲೆಯ ಚೀಲ ಹಿಡಿದುಕೊಂಡು ಹೋಗುತ್ತಿದ್ದಾನೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಪಾಪ್ ಗಾಯಕರ ವೃತ್ತಿಯೇ ಅಂಥದ್ದು. ದನಿ ಇನ್ನೂ ಗಟ್ಟಿಯಾಗಿರುವಾಗಲೇ ಮುಖ ಹಳತಾಗಿಬಿಡುತ್ತದೆ, ಮತ್ತು ಜನ ಕೊಂಡದ್ದು ಮುಖವನ್ನು.

ಅವನ ಕ್ಯಾಸೆಟ್ಟನ್ನು ನಾನು ರಜೆಯಲ್ಲಿ ನಮ್ಮೂರು ಹೊಸದುರ್ಗಕ್ಕೆ ಒಯ್ದಿದ್ದೆ. ನನ್ನಪ್ಪ ಅಲ್ಲಿ ಮೈಕ್‌ಸೆಟ್ ಇಟ್ಟಿದ್ದವರು. ಅವರ ದೃಷ್ಟಿಯಲ್ಲಿ ಕ್ಯಾಸೆಟ್ಟೆಂದರೆ ಮೇಲೆ ಅಳಿಸಿ ಬರೆಯಬಹುದಾದ ಸ್ಲೇಟು, ಅಷ್ಟೆ. ಯಾರೂ ಅಳಿಸದಿರಲೆಂದು ಕಂಪನಿಯವರು ಅದರ ನೆತ್ತಿಯಲ್ಲಿ ಬಿಟ್ಟ ತೂತುಗಳಿಗೆ ಅಂಟುಪಟ್ಟಿ ಹಚ್ಚಿ, ಯಾವುದೋ ಮದುವೆಗೆ ಒಯ್ದು, ಕೋಟಿನವನ ಮೇಲೆ ತಮ್ಮ ತಂಗಿಯನ್ನು ರೆಕಾರ್ಡ್ ಮಾಡಿಕೊಂಡು ಬಂದರು. ನಾನು ಅತ್ತು ರಂಪ ಮಾಡಿದೆ, ಒಂದು ಹೊತ್ತು ಊಟ ಬಿಟ್ಟೆ. ಅಪ್ಪ ಮಾತ್ರ ಶಾಂತವಾಗಿ, "ಅವ್ನ್ ಹಾಡು ಎಲ್ ಬೇಕಾದ್ರೂ ಸಿಗ್ತೈತೆ ಬಿಡವ್ವ. ಇದು ಸಿಗಲ್ಲ" ಎಂದರು. ಆಗ ಅದು ನನಗೆ ಅರ್ಥವಾಗಿರಲಿಲ್ಲ.

ನಿಂಗತ್ತೆ ಎಂದರೆ ಅಪ್ಪನ ತಂಗಿ ನಿಂಗಮ್ಮ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಅವಳ ಕಂಠ ಎಂಥದ್ದೆಂದು ವರ್ಣಿಸಹೊರಟರೆ ನನ್ನ ಕನ್ನಡ ಸೋಲುತ್ತದೆ, ಆದ್ದರಿಂದ ಇಷ್ಟೇ ಹೇಳುತ್ತೇನೆ: ಅವಳು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತ ಗುನುಗಿದರೆ ಪಕ್ಕದ ಮನೆಯವರು ರೇಡಿಯೋ ಆರಿಸುತ್ತಿದ್ದರು. ಆದರೆ ಸೋಬಾನೆ ಮುತ್ತೈದೆಯರ ಹಾಡು. ಹಸೆಯ ಮುಂದೆ, ಅರಿಸಿನ ಹಚ್ಚಿಸಿಕೊಳ್ಳುವ ಮದುಮಗಳ ಎದುರು, ಗಂಡನಿಲ್ಲದವಳು ಕೂರುವಂತಿರಲಿಲ್ಲ. ಕೂರಬೇಡವೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅದರ ಅಗತ್ಯವೇ ಬೀಳದಂತೆ ಅವಳೇ ದೂರ ನಿಲ್ಲುತ್ತಿದ್ದಳು.

ಒಂದು ಸಲ ನಮ್ಮ ಓಣಿಯ ಮದುವೆಯಲ್ಲಿ ಮುತ್ತೈದೆಯರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆದು ಹಾಡು ಹಳ್ಳ ಹಿಡಿಯಿತು. ಹೆಣ್ಣಿನ ತಂದೆ ಬಂದು ಅಪ್ಪನ ಮುಂದೆ ಕೈ ಹಿಸುಕಿಕೊಳ್ಳುತ್ತ ನಿಂತರು. "ನಿಮ್ ತಂಗಿ ಹಾಡಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಏನ್ ಮಾಡಾದು, ಹಸೆ ಹತ್ರ..." ಎಂದು ಮಾತು ನುಂಗಿದರು. ಅಪ್ಪ ಆ್ಯಂಪ್ಲಿಫಯರಿನ ಮೇಲಿನ ಧೂಳು ಒರೆಸುತ್ತಲೇ, "ಅವ್ಳು ಹಸೆ ಹತ್ರ ಬರಲ್ಲ ಬಿಡ್ರಿ. ವೈರ್ ಐತಲ್ಲ, ಅದು ಬರ್ತೈತೆ" ಎಂದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಮದುವೆಮನೆಯ ಯಾವುದೋ ಒಳಕೋಣೆಯಲ್ಲಿ, ಅಕ್ಕಿಮೂಟೆ ಬೆಲ್ಲದ ಡಬ್ಬಗಳ ನಡುವೆ ನಿಂಗತ್ತೆ, ಅವಳ ಮುಂದೊಂದು ಮೈಕು. ಬಾಗಿಲು ಮುಂದೆ ಮಾಡಿರುತ್ತಿದ್ದರು, ಅದರ ಸಂದಿಯಿಂದ ವೈರು ಹೊರಬಂದು ಅಂಗಳ ದಾಟಿ, ತೆಂಗಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಹಾರ್ನಿಗೆ ಏರುತ್ತಿತ್ತು. ಹಸೆಯ ಮುಂದೆ ಮುತ್ತೈದೆಯರು ರೇಷ್ಮೆಯುಟ್ಟು ಬಾಯಾಡಿಸುತ್ತಿದ್ದರು, ದನಿ ಮಾತ್ರ ತೆಂಗಿನ ಮರದಿಂದ ಇಳಿಯುತ್ತಿತ್ತು. ಆ ದನಿ ಯಾರದೆಂದು ಊರಿಗೆಲ್ಲ ಗೊತ್ತು, ಆದರೆ ಯಾರೂ ಹೆಸರೆತ್ತುವುದಿಲ್ಲ. ಹಾರ್ನಿಗೆ ಗಂಡ ಇದ್ದಾನೋ ಸತ್ತಿದ್ದಾನೋ ಎಂದು ಯಾವ ಶಾಸ್ತ್ರವೂ ಕೇಳುವುದಿಲ್ಲವಲ್ಲ. ಅಪ್ಪನಿಗಂತೂ ತಮ್ಮ ಉಪಾಯದ ಬಗ್ಗೆ ಭಾರಿ ಹೆಮ್ಮೆ. ನಾನು ಹೊರಗೆ ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ, ಆದ್ದರಿಂದ ನಮ್ಮ ಮನೆಯವಳೇ ಆದ ನಿಂಗತ್ತೆ ಮದುವೆಯ ಹಾಡು ಹಾಡುವಾಗ ಹೇಗೆ ಕಾಣುತ್ತಾಳೆಂಬುದನ್ನು ನಾನೂ ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡು ತನ್ಮಯಳಾಗಿ ಹಾಡುತ್ತಾಳೆಂದು ನನ್ನಷ್ಟಕ್ಕೆ ನಾನೇ ಒಂದು ಚಿತ್ರ ಬರೆದುಕೊಂಡಿದ್ದೆ.

ಇದನ್ನೆಲ್ಲ ಮರೆತೇಬಿಡುತ್ತಿದ್ದೆ ಎನ್ನಿ, ನನ್ನ ಕಿರಿಯ ಮಗಳು ಸಿಂಚನಾ ಒಂದು ಸಂಜೆ ತಟ್ಟೆಯಲ್ಲಿನ ಚಪಾತಿಯ ಮೇಲೆ ಕಣ್ಣೀರು ಹಾಕದೇ ಹೋಗಿದ್ದರೆ. ಕಾಲೇಜಿನಲ್ಲೇನೋ ಆಯಿತೆಂದು ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಬಂದೆ. ವಿಚಾರಿಸಿದರೆ, ಅವಳ ಮೆಚ್ಚಿನ ತಂಡದ ಗಾಯಕಿಯೊಬ್ಬಳು ಬಿಟ್ಟುಹೋಗುತ್ತಿದ್ದಾಳಂತೆ. ಹೋಗಲಿ, ಗಾಯಕಿ ಯಾರೆಂದು ಫೋನು ತೋರಿಸಿದರೆ, ನೀಲಿ ಕೂದಲಿನ, ಮುಖದ ಅರ್ಧ ಭಾಗ ಕಣ್ಣೇ ಇರುವ ಒಂದು ಬೊಂಬೆ! ಆ ತಂಡದಲ್ಲಿ ಎಲ್ಲರೂ ಹಾಗೆಯೇ, ಗಣಕಯಂತ್ರದಲ್ಲಿ ಬರೆದ ಚಿತ್ರಗಳು. ಚಿತ್ರಗಳು ಹಾಡುತ್ತವೆ, ಕುಣಿಯುತ್ತವೆ, ಅಭಿಮಾನಿಗಳೊಡನೆ ಹರಟುತ್ತವೆ, ಅವಕ್ಕೆ ಹುಟ್ಟುಹಬ್ಬವೂ ಉಂಟು, ವಯಸ್ಸು ಮಾತ್ರ ಆಗುವುದಿಲ್ಲ.

"ಬೊಂಬೆ ಹೋದ್ರೆ ಇನ್ನೊಂದು ಬೊಂಬೆ ಬರೀತಾರೆ ಬಿಡೇ, ಅದಕ್ಯಾಕ್ ಅಳ್ತೀಯ?" ಎಂದೆ.

"ಬೊಂಬೆ ಹೋಗ್ತಿಲ್ಲಮ್ಮ. ಬೊಂಬೆ ಇಲ್ಲೇ ಇರ್ತೈತೆ. ಅದರ ಹಿಂದೆ ಹಾಡ್ತಿದ್ದೋಳು ಹೋಗ್ತಾ ಅವ್ಳೆ. ಅವ್ಳ ಹೆಸ್ರೇ ನಮಗೆ ಗೊತ್ತಿಲ್ಲ. ನಾಳೆ ದಾರೀಲಿ ಎದುರಿಗೆ ಬಂದ್ರೂ ಗುರ್ತು ಸಿಗಲ್ಲ."

ನನ್ನ ಕಣ್ಣು ಷೋಕೇಸಿನ ಕ್ಯಾಸೆಟ್ಟಿನ ಮೇಲೆ ಹೋಯಿತು. ಕೋಟಿನ ಹುಡುಗನ ಮುಖ ಹಳತಾಗಿ ಅವನ ದನಿಯನ್ನೂ ಕರೆದುಕೊಂಡು ಹೋಯಿತು, ಈ ಕಾಲದವರು ಜಾಣರು, ಹಳತಾಗದ ಮುಖವನ್ನೇ ಮಾಡಿಕೊಂಡಿದ್ದಾರೆ, ಹಿಂದಿನ ದನಿ ದಣಿದರೆ ಬದಲಾಯಿಸಿದರಾಯಿತು. ಮರೆಯಲ್ಲಿದ್ದು ಹಾಡುವವರಿಗೆ ಅದರಲ್ಲೊಂದು ನೆಮ್ಮದಿಯೂ ಇರಬಹುದು. ಮೈಬಣ್ಣ, ಮೂಗು, ಮೊಡವೆ ಯಾವುದರ ಹಂಗೂ ಇಲ್ಲ, ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಯಾರೂ ಮುತ್ತುವುದಿಲ್ಲ. ಆದರೆ ಆ ಮರೆಯನ್ನು ತಾನೇ ಆರಿಸಿಕೊಂಡವಳ ಮಾತು ಬೇರೆ, ಬಾಗಿಲು ಮುಂದೆ ಮಾಡಿಸಿಕೊಂಡವಳ ಮಾತು ಬೇರೆ. ಆ ಸಂಜೆ ಸಿಂಚನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಂಗತ್ತೆಯ ವೈರಿನ ಕತೆಯನ್ನೆಲ್ಲ ಹೇಳಿದೆ. ಕ್ಯಾಸೆಟ್ಟನ್ನು ಹಾಕಿಯೂ ಕೇಳಿಸಿದೆ. ಅವಳು ಕಣ್ಣರಳಿಸಿ, "ಅಮ್ಮ, ಹಂಗಾದ್ರೆ ಅಜ್ಜಿ ಅವಾಗ್ಲೇ ವರ್ಚುವಲ್ ಸಿಂಗರ್!" ಎಂದಳು.

ಹಿರಿಯ ಮಗಳು ರಶ್ಮಿಯ ಮದುವೆ ಹತ್ತಿರವಿತ್ತು. ಸಿಂಚನಾ ವಾರವೆಲ್ಲ ಫೋನಿನಲ್ಲಿ ಮುಳುಗಿ ತಾನೇ ಒಂದು ಬೊಂಬೆ ಬರೆದಳು: ಹಸಿರು ಸೀರೆ, ಕೈತುಂಬ ಬಳೆ, ಹಣೆಯ ಮೇಲೆ ಕಾಸಿನಗಲ ಕುಂಕುಮ, ತುಂಬುಗೆನ್ನೆಯ ಚೆಂದದ ಹುಡುಗಿ. ಮದುವೆಯ ಕರೆಗೆಂದು ಹೊಸದುರ್ಗಕ್ಕೆ ಹೋದಾಗ, ಅಪ್ಪ ಹೋದಮೇಲೆ ನನ್ನ ತಮ್ಮನದಾದ ಮನೆಯ ಪಡಸಾಲೆಯಲ್ಲಿ ಕೊಬ್ಬರಿ ಹೆಚ್ಚುತ್ತ ಕೂತಿದ್ದ ನಿಂಗತ್ತೆಯ ಮುಂದೆ ಅದನ್ನು ಹಿಡಿದಳು.

ನಿಂಗತ್ತೆ ಈಳಿಗೆಮಣೆ ಸರಿಸಿ, ಕನ್ನಡಕ ಏರಿಸಿ ನೋಡಿದಳು. "ಲಕ್ಷಣವಾಗಿ ಅವ್ಳೆ. ಯಾರ್ ಮಗ್ಳವ್ವ ಇದು?"

"ನೀವೇ ಅಜ್ಜಿ! ನಿಮ್ ದನಿಗೆ ಇವ್ಳು ಬಾಯಾಡಿಸ್ತಾಳೆ. ಅಕ್ಕನ ಮದುವೇಲಿ ದೊಡ್ಡ ಪರದೆ ಮೇಲೆ ಬಿಡಾಣ."

"ಅವಾಗ ನಾನೆಲ್ಲಿರ್ತೀನಿ?"

"ನೀವು ಇಲ್ಲೇ ಆರಾಮಾಗಿ ಕುಂತ್ಕಂಡು ಫೋನಿಗೆ ಹಾಡಿಕೊಟ್ರೆ ಸಾಕಜ್ಜಿ."

ನಿಂಗತ್ತೆ ಫೋನನ್ನು ಮೆಲ್ಲಗೆ ಅವಳ ಕೈಗೆ ವಾಪಸು ಕೊಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬದಲಿಗೆ ಸಣ್ಣದೊಂದು ನಗೆಯೇ ಇತ್ತು. "ನಿಮ್ ತಾತ ವೈರ್ ಎಳೆದು ಒಳಗೆ ಕುಂದ್ರಿಸ್ದ. ನೀನು ವೈರೇ ಇಲ್ದಂಗೆ ಕುಂದ್ರಸ್ತೀಯಲ್ಲೇ."

ಸಿಂಚನಾಳ ಮುಖ ಸಪ್ಪಗಾಯಿತು. ನಿಂಗತ್ತೆಯೇ ಮತ್ತೆ ಕೊಬ್ಬರಿಗೆ ಕೈಹಾಕುತ್ತ, "ಒಂದ್ಸಲ ಹಸೆ ಮುಂದೆ ಕುಂತು ಹಾಡ್ಬೇಕು ಅಂತ ಆಸೆ ಐತೆ ಕಣವ್ವ. ದನಿ ಪೂರ್ತಿ ಹೋಗಾದ್ರೊಳಗೆ" ಎಂದಳು. ಇಷ್ಟು ವರ್ಷದಲ್ಲಿ ಅವಳು ತನಗೇನಾದರೂ ಬೇಕೆಂದು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಗಲಿ ಎಂದು ಅಲ್ಲೇ ಮಾತು ಕೊಟ್ಟೆ. ಕೊಟ್ಟಮೇಲೆ ಭಯ ಶುರುವಾಯಿತು. ಬೀಗರು ಹೊಳಲ್ಕೆರೆಯವರು, ಏನೆಂದುಕೊಳ್ಳುತ್ತಾರೋ. ನಮ್ಮ ಮನೆಯಲ್ಲೇ ನನ್ನ ನಾದಿನಿ, "ಶುಭಕಾರ್ಯದಾಗೆ ಹೊಸ ಪದ್ಧತಿ ಯಾಕೆ ಬೇಕಿತ್ತು?" ಎಂದು ಮೂತಿ ತಿರುವಿದಳು. ಧೈರ್ಯ ಮಾಡಿ ಬೀಗಿತಿಗೆ ಫೋನು ಮಾಡಿ, ಸುತ್ತಿ ಬಳಸಿ ವಿಷಯ ಹೇಳಿದೆ. ಆಕೆ ನಿಂಗತ್ತೆಯ ಊರು, ಅಣ್ಣನ ಮೈಕ್‌ಸೆಟ್ಟು ಎಲ್ಲ ಕೇಳಿ ತಿಳಿದುಕೊಂಡರು. ಆಕೆಯ ತವರು ಹೊಸದುರ್ಗದ ಪಕ್ಕದ ಹಳ್ಳಿಯೆಂಬುದು ನನ್ನ ಲಕ್ಷ್ಯದಲ್ಲಿರಲಿಲ್ಲ.

"ನನ್ ಮದುವೇಲೂ ಅವರೇ ಹಾಡಿದ್ದು ಕಣ್ರಿ" ಎಂದರು ಕೊನೆಗೆ. "ಹಸೆ ಮೇಲೆ ಕುಂತ್ಕಂಡು ಮರ ನೋಡ್ತಾ ಕೇಳಿದ್ದೆ. ಹಾಡಿದೋರ ಮಕ ನೋಡ್ಲಿಲ್ಲ, ಒಂದು ಎಲೆ ಅಡಿಕೆ ಸೈತ ಕೊಡಲಿಲ್ಲ. ಕರ್ಕಂಬರ್ರಿ."

ಮದುವೆಯ ಹಿಂದಿನ ದಿನ, ಅರಿಸಿನ ಶಾಸ್ತ್ರಕ್ಕೆ, ಕಲ್ಯಾಣಮಂಟಪದಲ್ಲಿ ಹಸೆಯ ಎದುರು ಜಮಖಾನ ಹಾಸಿ ನಿಂಗತ್ತೆಯನ್ನು ಕೂರಿಸಿದೆವು. ನಾದಿನಿ ಎದ್ದು ಊಟದ ಹಾಲ್‌ಗೆ ಹೋದಳು. ಸೌಂಡ್‌ಬಾಕ್ಸ್ ಅಲ್ಲಿಯೂ ಇದೆಯೆಂಬುದು ಅವಳಿಗೆ ಹೊಳೆದಿರಲಿಲ್ಲ. ನಿಂಗತ್ತೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೊದಲ ನುಡಿಗೆ ದನಿ ಎಳೆಎಳೆಯಾಗಿ, ಅಂಚು ಹರಿದಂತೆ ಬಂತು. ಎರಡನೆಯ ನುಡಿಯ ನಡುವೆ ಉಸಿರು ಸಾಲದೆ ನಿಂತೇಹೋಯಿತು. ನಾನು ಮನಸ್ಸಿನಲ್ಲಿ ಅಪ್ಪನನ್ನು ನೆನೆದೆ. ಅಷ್ಟರಲ್ಲಿ ಮೈತುಂಬ ಅರಿಸಿನ ಮೆತ್ತಿಕೊಂಡಿದ್ದ ರಶ್ಮಿ, "ನಿಧಾನಕ್ಕೆ ಹಾಡು ಅಜ್ಜಿ, ನಾನೆಲ್ಲೂ ಹೋಗಲ್ಲ" ಎಂದಳು. ಎಲ್ಲರೂ ನಕ್ಕರು, ನಿಂಗತ್ತೆಯೂ ನಕ್ಕಳು, ಆ ನಗುವಿನಲ್ಲೇ ಉಸಿರು ತುಂಬಿಕೊಂಡು ಹಾಡನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಬೀಗಿತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿರಲಿಲ್ಲ. ನಾನು ಕಲ್ಪಿಸಿಕೊಂಡಿದ್ದೆಲ್ಲ ಸುಳ್ಳು. ಹಾಡಿನುದ್ದಕ್ಕೂ ಅವಳ ಕಣ್ಣು ತೆರೆದೇ ಇತ್ತು, ಮದುಮಗಳನ್ನು ನೆತ್ತಿಯಿಂದ ಪಾದದವರೆಗೆ ನೋಡುತ್ತ, ನೋಡಿದ್ದನ್ನೇ ಹಾಡುತ್ತ ಇತ್ತು. ಅದು ನೋಡಿ ಹಾಡುವ ಹಾಡು. ಅಷ್ಟು ಮದುವೆಗಳಲ್ಲಿ, ಅಕ್ಕಿಮೂಟೆಗಳ ನಡುವೆ, ಆ ಕಣ್ಣುಗಳು ಮದುಮಗಳೆಂದು ಯಾವ ಗೋಡೆಯನ್ನು ನೋಡಿದವೋ ಎಂದು ನೆನೆದು ನನಗೆ ಅಳು ತಡೆಯಲಾಗಲಿಲ್ಲ. ಹಾಡು ಮುಗಿದಾಗ ಬೀಗಿತಿ ಎದ್ದು ಬಂದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, "ನಂದೂ ಸೇರಿಸಿ ಇಸ್ಕಳ್ರಿ" ಎಂದು ಕೊಟ್ಟರು.

ಸಿಂಚನಾ ಬರೆದ ಬೊಂಬೆ ಅವಳ ಫೋನಿನಲ್ಲೇ ಉಳಿಯಿತು. ಅಂದು ಅವಳು ಹಿಡಿದ ಫೋಟೋದಲ್ಲಿ ನಿಂಗತ್ತೆಯ ಬಾಯಿ ತೆರೆದಿದೆ, ಎರಡು ಹಲ್ಲಿಲ್ಲ, ಬರಿಯ ಹಣೆಯ ಮೇಲೆ ಅರಿಸಿನದ ಒಂದು ಹನಿ ಸಿಡಿದಿದೆ. ಅದನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಿ, ಕೋಟಿನವನನ್ನು ತೆಗೆದು, ಕ್ಯಾಸೆಟ್ಟಿನ ಹೊದಿಕೆಗೆ ಸೇರಿಸಿದಳು. ಮೊನ್ನೆ ದುರ್ಗಕ್ಕೆ ಬಂದ ನಿಂಗತ್ತೆ ಷೋಕೇಸಿನ ಮುಂದೆ ನಿಂತು ತನ್ನನ್ನು ತಾನು ಬಹಳ ಹೊತ್ತು ನೋಡಿಕೊಂಡಳು.

"ಇಲ್ಲೊಬ್ಬ ಹುಡ್ಗ ಇದ್ನಲ್ಲೇ, ಎಲ್ಲಿಗೆ ಕಳಿಸ್ದೆ?" ಎಂದು ಕೇಳಿದಳು.

ಸಿಂಚನಾ ಮೇಜಿನ ಖಾನೆಯಿಂದ ಅವನನ್ನು ತೆಗೆದು ತೋರಿಸಿದಳು. ಅಂಚು ಮಡಚಿ ಹೋಗಿತ್ತು, ಬಣ್ಣ ಮಾಸಿತ್ತು, ಗಿಟಾರು ಮಾತ್ರ ಹಾಗೇ ಇತ್ತು.

"ಪಾಪ, ಒಬ್ನೇ ಕತ್ಲಾಗೆ ಯಾಕೆ ಬಿಟ್ಟೀಯ? ಇಷ್ಟ್ ವರ್ಷ ನನ್ ಜೊತೆಗಿದ್ದೋನು. ಅವ್ನೂ ಒಳಗಿರ್ಲಿ" ಎಂದು ನಿಂಗತ್ತೆ ತಾನೇ ಅವನನ್ನು ತೆಗೆದುಕೊಂಡು, ಮಡಿಕೆಯನ್ನು ಬೆರಳಿನಿಂದ ನೀವಿ ನೆಟ್ಟಗೆ ಮಾಡಿ, ತನ್ನ ಫೋಟೋದ ಹಿಂದಕ್ಕೆ ಸರಿಸಿದಳು. ಆಮೇಲೆ ಏನೋ ನೆನಪಾದವಳಂತೆ ಹೊದಿಕೆಯನ್ನು ಮತ್ತೆ ಬಿಚ್ಚಿ, ಅವನ ಮುಖ ಗೋಡೆಯ ಕಡೆಗಿರದೆ, ತನ್ನ ಫೋಟೋದ ಅಂಚಿನಿಂದ ಇಣುಕಿ, ಗಾಜಿನಾಚೆ ನಮ್ಮ ಪಡಸಾಲೆ ಕಾಣುವ ಹಾಗೆ ತಿರುಗಿಸಿಟ್ಟಳು.